ಭಾನುವಾರ ಕೂರಲು ಜಾಗವಿಲ್ಲ, ಆದರೂ ಬಾಗಿಲು ಮುಚ್ಚುವ ಮಾತು: ಇಂಗ್ಲೆಂಡಿನ ಹಳ್ಳಿ ಪಬ್ಬಿನ ಲೆಕ್ಕ

2025ರ ನವೆಂಬರ್ 26ರಂದು ಬಜೆಟ್ ಮಂಡಿಸಿದ ಬ್ರಿಟನ್ನಿನ ಹಣಕಾಸು ಸಚಿವೆ ರೇಚಲ್ ರೀವ್ಸ್, ಅಂಗಡಿ, ಹೋಟೆಲ್, ಪಬ್ಬುಗಳ ಮೇಲಿನ ಆಸ್ತಿ ತೆರಿಗೆಯ ದರವನ್ನು ಕಾಯಂ ಆಗಿ ಇಳಿಸುತ್ತಿದ್ದೇವೆ ಎಂದು ಘೋಷಿಸಿದರು. ಪಬ್ಬಿನವರು ಖುಷಿಪಡಬೇಕಿತ್ತು. ಆಗಿದ್ದೇ ಬೇರೆ. ಡಿಸೆಂಬರ್ ಹೊತ್ತಿಗೆ ಎಷ್ಟೋ ಪಬ್ಬುಗಳ ಬಾಗಿಲ ಮೇಲೆ ‘ಲೇಬರ್ ಸಂಸದರಿಗೆ ಪ್ರವೇಶವಿಲ್ಲ’ ಎಂಬ ಚೀಟಿ ಅಂಟಿತ್ತು. ಲೇಬರ್ ಎಂದರೆ ರೀವ್ಸ್ ಅವರದೇ ಆಳುವ ಪಕ್ಷ. 2026ರ ಜನವರಿ 27ರಂದು ಅದೇ ಸರ್ಕಾರ ಪಬ್ಬುಗಳಿಗೂ ಸಂಗೀತ ಕಾರ್ಯಕ್ರಮ ನಡೆಯುವ ತಾಣಗಳಿಗೂ ಏಪ್ರಿಲ್‌ನಿಂದ ಬಿಲ್ಲಿನಲ್ಲಿ ಶೇ. 15ರಷ್ಟು ಕಡಿತ ಕೊಡುವುದಾಗಿ ಹೇಳಬೇಕಾಯಿತು.

ದರ ಇಳಿಸಿದವರ ಮೇಲೆ ಸಿಟ್ಟು ಯಾಕೆ? ಇಳಿಸಿದ ಎರಡೇ ತಿಂಗಳಲ್ಲಿ ಮತ್ತೊಂದು ರಿಯಾಯಿತಿ ಯಾಕೆ? ಸುದ್ದಿ ಓದಿದವರಿಗೆ ಇದು ಬಿಡಿಸಲಾಗದ ಗಂಟು. ಇದರ ಹಿಂದೆ ಇನ್ನೊಂದು ಗಂಟೂ ಇದೆ. ಕಾಟ್ಸ್‌ವೋಲ್ಡ್ಸ್‌ನಲ್ಲೋ ಯಾರ್ಕ್‌ಶೈರ್ ಡೇಲ್ಸ್‌ನಲ್ಲೋ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಹಳ್ಳಿಯ ಪಬ್ಬಿಗೆ ಹೋದರೆ ಮುಂಗಡ ಕಾಯ್ದಿರಿಸದವರಿಗೆ ಜಾಗ ಸಿಗುವುದು ಕಷ್ಟ. ಇಷ್ಟು ತುಂಬಿ ತುಳುಕುವ ಜಾಗ ನಷ್ಟದಲ್ಲಿದೆ ಎಂದರೆ ನಂಬುವುದು ಹೇಗೆ? ಆದರೂ ಅದು ನಿಜ. ಬ್ರಿಟನ್ನಿನ ಬಿಯರ್ ಮತ್ತು ಪಬ್ಬುಗಳ ಸಂಘದ ಲೆಕ್ಕದಂತೆ 2000ದಲ್ಲಿ ಅಲ್ಲಿ ಸುಮಾರು 60,800 ಪಬ್ಬುಗಳಿದ್ದವು. ಈಗ ಉಳಿದಿರುವುದು ಸುಮಾರು 45,000.

ಈ ಎರಡೂ ಗಂಟುಗಳನ್ನು ಒಟ್ಟಿಗೇ ಬಿಡಿಸಬೇಕು. ತೆರಿಗೆಯೊಂದೇ ಹಳ್ಳಿ ಪಬ್ಬನ್ನು ಕೊಲ್ಲುತ್ತಿಲ್ಲ. ಕಟ್ಟಡದ ಒಡೆತನ ಯಾರದು, ಬಿಯರ್ ಎಲ್ಲಿಂದ ಕೊಳ್ಳಬೇಕೆಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗಳು ಅದಕ್ಕಿಂತ ಆಳವಾದವು. ತೆರಿಗೆ ಕೊನೆಯ ತಳ್ಳು ಮಾತ್ರ.

ಬೆಂಗಳೂರಿನ ಪಬ್ ಬೇರೆ, ಇದು ಬೇರೆ

ನಮ್ಮಲ್ಲಿ ಪಬ್ ಅಂದ ಕೂಡಲೇ ಕಣ್ಣಿಗೆ ಬರುವುದು ಕತ್ತಲೆ, ಜೋರು ಸಂಗೀತ, ಶನಿವಾರದ ಜನಜಂಗುಳಿ. ಇಂಗ್ಲೆಂಡಿನ ಹಳ್ಳಿಯದು ಹಾಗಲ್ಲ. ಪಬ್ ಎಂಬುದು ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು, ಅಂದರೆ ಎಲ್ಲರಿಗೂ ತೆರೆದ ಮನೆ. ಹೆಚ್ಚಿನ ಕಡೆ ನಡೆಸುವವರ ಸಂಸಾರ ಮಹಡಿಯ ಮೇಲೇ ಇರುತ್ತದೆ. ತಗ್ಗು ಮರದ ತೊಲೆ, ಉರಿಯುವ ಒಲೆ, ಒಲೆಯ ಮುಂದೆ ಮಲಗಿದ ಯಾರದೋ ನಾಯಿ. ಮಾಣಿ ಬಂದು ಕೇಳುತ್ತಾನೆಂದು ಕಾದು ಕೂತರೆ ಯಾರೂ ಬರುವುದಿಲ್ಲ. ನೀವೇ ಎದ್ದು ಬಾರ್ ಕಟ್ಟೆಯ ಬಳಿ ಹೋಗಿ ಹೇಳಬೇಕು, ದುಡ್ಡು ಕೊಟ್ಟು ಪಿಂಟ್, ಅಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಹಿಡಿಯುವ ಬಿಯರ್ ಲೋಟ, ಹಿಡಿದುಕೊಂಡು ಬರಬೇಕು. ಊರಿನ ಅಂಚೆ ಕಚೇರಿ ಮುಚ್ಚಿ, ಅಂಗಡಿ ಮುಚ್ಚಿ, ಬಸ್ಸು ನಿಂತ ಮೇಲೂ ಪರಿಚಯದವರು ಪರಿಚಯದವರನ್ನು ಕಾಣಲು ಉಳಿದಿರುವ ಜಾಗ ಎಷ್ಟೋ ಹಳ್ಳಿಗಳಲ್ಲಿ ಇದೊಂದೇ. ನಮ್ಮ ಅರಳಿಕಟ್ಟೆಗೆ ಬಾಡಿಗೆ ಇಲ್ಲ, ತೆರಿಗೆ ಇಲ್ಲ. ಇದಕ್ಕೆ ಎರಡೂ ಇವೆ.

ದರ ಇಳಿಯಿತು, ಬಿಲ್ಲು ಏರಿತು

ಇಂಗ್ಲೆಂಡಿನಲ್ಲಿ ವ್ಯಾಪಾರದ ಕಟ್ಟಡಗಳ ಮೇಲಿನ ತೆರಿಗೆಗೆ ‘ಬಿಸಿನೆಸ್ ರೇಟ್ಸ್’ ಎನ್ನುತ್ತಾರೆ. ಸರ್ಕಾರಿ ಮೌಲ್ಯಮಾಪಕರು ಕಟ್ಟಡಕ್ಕೊಂದು ‘ತೆರಿಗೆ ಮೌಲ್ಯ’ ಕಟ್ಟುತ್ತಾರೆ. ಅದನ್ನು ಆ ವರ್ಷದ ದರದಿಂದ ಗುಣಿಸಿದರೆ ಬಿಲ್ಲು. ಬಜೆಟ್ಟಿನಲ್ಲಿ ಇಳಿದದ್ದು ದರ. ಅದೇ ಹೊತ್ತಿಗೆ ಇನ್ನೆರಡು ಸಂಗತಿಗಳು ಬದಲಾದವು, ಭಾಷಣದಲ್ಲಿ ಅವುಗಳ ಸದ್ದು ಕಡಿಮೆ ಇತ್ತು.

ಮೊದಲನೆಯದು ಕೋವಿಡ್ ಕಾಲದ ರಿಯಾಯಿತಿ. ಒಂದು ಹಂತದಲ್ಲಿ ಪೂರ್ತಿ ಮಾಫಿ, ಆಮೇಲೆ ಶೇ. 75, 2025ರ ಏಪ್ರಿಲ್‌ನಿಂದ ಶೇ. 40. 2026ರ ಮಾರ್ಚ್ ಕೊನೆಗೆ ಅದು ಪೂರ್ತಿ ನಿಂತಿತು. ಎರಡನೆಯದು ಮರುಮೌಲ್ಯಮಾಪನ. ಹಿಂದಿನ ಪಟ್ಟಿಯ ಮೌಲ್ಯಗಳನ್ನು 2021ರ ಏಪ್ರಿಲ್ 1ರ ಸ್ಥಿತಿ ನೋಡಿ ಕಟ್ಟಿದ್ದರು. ಆ ದಿನ ಲಾಕ್‌ಡೌನ್, ಇಂಗ್ಲೆಂಡಿನ ಪಬ್ಬುಗಳೆಲ್ಲ ಮುಚ್ಚಿದ್ದವು. ಸಹಜವಾಗಿ ಮೌಲ್ಯ ಕಡಿಮೆ ಬಂತು. ಹೊಸ ಪಟ್ಟಿಗೆ ಹಿಡಿದ ದಿನ 2024ರ ಏಪ್ರಿಲ್ 1. ಅಷ್ಟರಲ್ಲಿ ವ್ಯಾಪಾರ ಚೇತರಿಸಿಕೊಂಡಿತ್ತು, ಬೆಲೆಗಳೂ ಏರಿದ್ದವು. ಮೌಲ್ಯ ಜಿಗಿಯಿತು.

ಒಂದು ಕಾಲ್ಪನಿಕ ಪಬ್ಬನ್ನು ತೆಗೆದುಕೊಳ್ಳೋಣ. ಹಳೆಯ ಮೌಲ್ಯ 30,000 ಪೌಂಡ್. 2025-26ರ ದರ ಒಂದು ಪೌಂಡಿಗೆ 49.9 ಪೆನ್ಸ್, ಅಂದರೆ 14,970 ಪೌಂಡ್. ಶೇ. 40 ರಿಯಾಯಿತಿ ಕಳೆದರೆ ಕಟ್ಟಬೇಕಾದ್ದು 8,982. ಹೊಸ ಪಟ್ಟಿಯಲ್ಲಿ ಅದರ ಮೌಲ್ಯ 39,000 ಆಯಿತು ಎನ್ನೋಣ. ಹೊಸ ದರ 38.2 ಪೆನ್ಸ್, ಹಿಂದಿನದಕ್ಕಿಂತ ಎಷ್ಟೋ ಕಡಿಮೆ. ಗುಣಿಸಿದರೆ 14,898 ಪೌಂಡ್. ದರ 11.7 ಪೆನ್ಸ್ ಇಳಿದದ್ದೂ ಸುಳ್ಳಲ್ಲ, ಬಿಲ್ಲು ಸುಮಾರು ಆರು ಸಾವಿರ ಪೌಂಡ್ ಏರುವುದೂ ಸುಳ್ಳಲ್ಲ. ಈ ಏರಿಕೆ ಒಂದೇ ವರ್ಷ ತಲೆಯ ಮೇಲೆ ಬೀಳದಂತೆ ಮಿತಿಗಳನ್ನು ಇಟ್ಟಿದ್ದಾರೆ, ನಿಜ. ಅವು ಹೊರೆಯನ್ನು ಕಂತುಗಳಾಗಿ ಹಂಚುತ್ತವೆ, ಇಳಿಸುವುದಿಲ್ಲ. ಜನವರಿಯಲ್ಲಿ ಬಂದ ಶೇ. 15ರ ಕಡಿತ, ಅದರ ಮುಂದಿನ ಎರಡು ವರ್ಷ ಹಣದುಬ್ಬರಕ್ಕಿಂತ ಹೆಚ್ಚು ಏರದಂತೆ ಹಾಕಿದ ತಡೆ, ಇವೆರಡೂ ಆ ಪೆಟ್ಟಿಗೆ ಹಚ್ಚಿದ ಮುಲಾಮು.

ಪಬ್ಬಿನವರ ನಿಜವಾದ ದೂರು ಇನ್ನೂ ಆಳದ್ದು. ಸಾಮಾನ್ಯ ಅಂಗಡಿಯ ಮೌಲ್ಯ ಕಟ್ಟುವುದು ಚದರ ಅಳತೆ ಮತ್ತು ಬಾಡಿಗೆ ನೋಡಿ. ಪಬ್ಬಿನದು ಹಾಗಲ್ಲ. ಸಮರ್ಥನಾದವನು ಅಲ್ಲಿ ಎಷ್ಟು ವಹಿವಾಟು ಮಾಡಬಲ್ಲ ಎಂಬ ಅಂದಾಜಿನ ಮೇಲೆ ಕಟ್ಟುತ್ತಾರೆ. ವಹಿವಾಟು ಹೆಚ್ಚಾದರೆ ಮೌಲ್ಯ ಹೆಚ್ಚು. ಆದರೆ ವಹಿವಾಟು ಲಾಭವಲ್ಲ. ಬಿಯರಿನ ಬೆಲೆ, ಅಡುಗೆಯವರ ಸಂಬಳ, ಗ್ಯಾಸು, ಕರೆಂಟು ಎಲ್ಲ ಏರಿದ್ದರಿಂದ ಪಿಂಟಿನ ಬೆಲೆ ಏರಿಸಿದರೆ ವಹಿವಾಟಿನ ಅಂಕಿ ಉಬ್ಬುತ್ತದೆ, ಕೈಯಲ್ಲಿ ಉಳಿಯುವುದು ಮಾತ್ರ ಕರಗುತ್ತದೆ. ಈ ಪದ್ಧತಿಯನ್ನು ಪರಿಶೀಲಿಸುತ್ತೇವೆ ಎಂದು ಸರ್ಕಾರ ಜನವರಿಯಲ್ಲಿ ಒಪ್ಪಿಕೊಂಡಿದೆ. ನನ್ನ ಮಟ್ಟಿಗೆ ಆ ದಿನದ ಘೋಷಣೆಯಲ್ಲಿ ಮುಖ್ಯವಾದದ್ದು ಶೇ. 15 ಅಲ್ಲ, ಈ ಮಾತು.

ಒಂದು ವಿಷಯ ಮರೆಯಬಾರದು. ಮೌಲ್ಯ 12,000 ಪೌಂಡ್ ದಾಟದ ಒಂಟಿ ವ್ಯಾಪಾರಕ್ಕೆ ಈ ತೆರಿಗೆಯೇ ಇಲ್ಲ. ತೀರಾ ಪುಟ್ಟ ಹಳ್ಳಿ ಪಬ್ಬುಗಳು ಇದರಿಂದ ಪಾರಾಗಿವೆ. ಆದರೂ ಅವು ಮುಚ್ಚುತ್ತಿವೆ. ಹಾಗಾದರೆ ಕಾರಣ ಬೇರೆ ಕಡೆಯೂ ಇದೆ ಎಂದಾಯಿತು.

ಒಂದು ಪೀಪಾಯಿ, ಮೂರು ದಿನ

ಹಳ್ಳಿ ಪಬ್ಬಿನ ಹೆಮ್ಮೆ ಎಂದರೆ ಪೀಪಾಯಿಯ ಏಲ್ ಎಂಬ ಬಿಯರ್. ಇದು ಶೀಸೆಯ ಲಾಗರ್ ಬಿಯರಿನಂತಲ್ಲ. ಸೋಸಿ, ಕಾಯಿಸಿ, ಅನಿಲ ತುಂಬಿ ಕಳಿಸಿದ ಬಿಯರ್ ಸತ್ತ ಸರಕು, ವಾರಗಟ್ಟಲೆ ಕೆಡುವುದಿಲ್ಲ. ಪೀಪಾಯಿಯ ಏಲ್‌ನಲ್ಲಿ ಯೀಸ್ಟ್ ಜೀವಂತವಾಗಿರುತ್ತದೆ, ಪಬ್ಬಿನ ನೆಲಮಾಳಿಗೆಗೆ ಬಂದ ಮೇಲೂ ಅದು ಹುದುಗುತ್ತಲೇ ಇರುತ್ತದೆ. ನಮ್ಮ ಈಚಲು ಮರದ ಹೆಂಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊತ್ತು ಮೀರಿದರೆ ಹುಳಿ.

ಪೀಪಾಯಿ ಇಳಿದ ಮೇಲೆ ಅದನ್ನು ಅಲುಗಾಡಿಸದೆ ಮಲಗಿಸಬೇಕು. ಮೇಲಿನ ತೂತಿಗೆ ಮರದ ಬೆಣೆ ಬಡಿದು ಹೆಚ್ಚುವರಿ ಅನಿಲ ಹೋಗಲು ಬಿಡಬೇಕು. ಯೀಸ್ಟಿನ ಚರಟ ತಳ ಸೇರಿ ಏಲ್ ತಿಳಿಯಾಗುವವರೆಗೆ ಕಾಯಬೇಕು. ನೆಲಮಾಳಿಗೆಯ ಶಾಖ 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರಬೇಕು. ‘ಇಂಗ್ಲಿಷರು ಬೆಚ್ಚಗಿನ ಬಿಯರ್ ಕುಡಿಯುತ್ತಾರೆ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಆ ಏಲ್ ಬೆಚ್ಚಗಿರುವುದಿಲ್ಲ, ಮಂಜಿನಷ್ಟು ತಣ್ಣಗಿರುವುದಿಲ್ಲ ಅಷ್ಟೆ. ಬಾರ್ ಕಟ್ಟೆಯ ಮೇಲಿನ ಉದ್ದನೆಯ ಹಿಡಿಯನ್ನು ಎಳೆದಾಗ ಕೈಬಲದಿಂದಲೇ ಅದು ಮೇಲೇರಿ ಲೋಟಕ್ಕೆ ಬರುತ್ತದೆ.

ಆ ಮೊದಲ ಎಳೆತಕ್ಕೇ ಗಡಿಯಾರ ಶುರುವಾಗುತ್ತದೆ. ಒಳಗೆ ಗಾಳಿ ಸೇರಿತು, ಇನ್ನು ಮೂರು ದಿನ, ಬಹಳವೆಂದರೆ ಐದು. ಸಣ್ಣ ಪೀಪಾಯಿ, ಅಲ್ಲಿನವರು ‘ಫರ್ಕಿನ್’ ಎನ್ನುವುದು, ಹಿಡಿಯುವುದು 9 ಗ್ಯಾಲನ್, ಅಂದರೆ 72 ಪಿಂಟ್. ಮೂರು ದಿನದಲ್ಲಿ ಖರ್ಚಾಗಬೇಕೆಂದರೆ ದಿನಕ್ಕೆ 24 ಪಿಂಟ್. ಒಂದೇ ಬಗೆಯ ಏಲ್ ಇಟ್ಟರೆ ಈ ಲೆಕ್ಕ. ಮೂರು ಬಗೆ ಇಟ್ಟರೆ ದಿನಕ್ಕೆ 72. ಇನ್ನೂರು ಮನೆಯ ಹಳ್ಳಿಯಲ್ಲಿ, ಜನವರಿಯ ಮಂಗಳವಾರ, ಸಂಜೆ ನಾಲ್ಕಕ್ಕೇ ಕತ್ತಲಾದಾಗ ಅಷ್ಟು ಮಂದಿಯನ್ನು ಎಲ್ಲಿಂದ ತರುವುದು?

ಭಾನುವಾರ ತುಂಬಿದ ಪಬ್ಬಿನ ರಹಸ್ಯ ಇದೇ. ಪಬ್ಬು ನಡೆಸುವವ ಬಾಡಿಗೆ ಕಟ್ಟುವುದು ವಾರದ ಏಳು ದಿನಕ್ಕೆ, ಮಾಳಿಗೆಯ ತಂಪು ಯಂತ್ರ ಓಡುವುದು ಏಳು ದಿನ, ಏಲ್ ಹುಳಿಯಾಗುವುದೂ ಏಳು ದಿನ. ದುಡಿಮೆ ಇರುವುದು ಎರಡೂವರೆ ದಿನ. ಗಿರಾಕಿ ಕಡಿಮೆಯಾದರೆ ಏಲ್ ಹಳಸುತ್ತದೆ, ಹಳಸಿದ ಏಲ್ ಒಮ್ಮೆ ಕುಡಿದವರು ಮತ್ತೆ ಬರುವುದಿಲ್ಲ, ಅವರು ಬಾರದಿದ್ದರೆ ಮುಂದಿನ ಪೀಪಾಯಿ ಇನ್ನಷ್ಟು ಬೇಗ ಹಳಸುತ್ತದೆ. ಇದರಿಂದ ಹೊರಬರಲು ಹಲವರು ಪೀಪಾಯಿಯನ್ನೇ ಬಿಟ್ಟು ಕೆಡದ ಲಾಗರ್‌ಗೆ ತಿರುಗುತ್ತಾರೆ. ಆಗ ಊರಿನವರಿಗೆ ಉಳಿಯುವುದು ಸೂಪರ್‌ಮಾರ್ಕೆಟ್ಟಿನಲ್ಲಿ ಅರ್ಧ ಬೆಲೆಗೂ ಕಡಿಮೆಗೆ ಸಿಗುವ ಬಿಯರೇ. 1971ರಲ್ಲಿ ಹುಟ್ಟಿದ ‘ಕ್ಯಾಮ್ರಾ’ ಎಂಬ ಗ್ರಾಹಕರ ಚಳವಳಿ ಅರ್ಧ ಶತಮಾನದಿಂದ ಜೀವಂತ ಏಲ್‌ಗಾಗಿ ಹೋರಾಡುತ್ತಿರುವುದು ಬರೀ ರುಚಿಯ ಹಟವಲ್ಲ. ಪಬ್ಬಿನಲ್ಲಿ ಮಾತ್ರ ಸಿಗುವ ವಸ್ತು ಎಂದು ಉಳಿದಿರುವುದು ಅದೊಂದೇ.

ತಟ್ಟೆ ಉಳಿಸಿದ ಪಬ್ಬು

ಒಂದು ಕಾಲದಲ್ಲಿ ಹಳ್ಳಿ ಪಬ್ಬಿನಲ್ಲಿ ಊಟ ಎಂದರೆ ಬ್ರೆಡ್ಡು, ಚೀಸು, ವಿನೆಗರಿನಲ್ಲಿ ನೆನೆಹಾಕಿದ ಮೊಟ್ಟೆ. ‘ಉಳುವವನ ಊಟ’ ಎಂಬ ಅರ್ಥದ ‘ಪ್ಲೌಮನ್ಸ್ ಲಂಚ್’ ಹೆಸರು ತೀರಾ ಪುರಾತನ ಎಂದು ನಂಬುವವರಿದ್ದಾರೆ. ಅದನ್ನು ಜನಪ್ರಿಯ ಮಾಡಿದ್ದು ಎರಡನೇ ಮಹಾಯುದ್ಧದ ನಂತರ ಚೀಸ್ ಮಾರಾಟಕ್ಕಾಗಿ ನಡೆದ ಪ್ರಚಾರ.

ಊಟ ಮುಖ್ಯವಾದದ್ದು ಆಮೇಲೆ. 1967ರಲ್ಲಿ ಕುಡಿದು ವಾಹನ ಓಡಿಸುವವರಿಗೆ ರಕ್ತದ ಮಿತಿ ಬಂತು. 2007ರ ಜುಲೈ 1ರಂದು ಇಂಗ್ಲೆಂಡಿನ ಪಬ್ಬುಗಳಲ್ಲಿ ಸಿಗರೇಟು ಸೇದುವುದು ನಿಂತಿತು. ಕುಡಿಯಲು ಬರುತ್ತಿದ್ದವರು ಕಡಿಮೆಯಾದರು, ಉಣ್ಣಲು ಸಂಸಾರ ಸಮೇತ ಬರುವವರು ಹೆಚ್ಚಿದರು. ಬೇಯಿಸಿದ ದನದ ಮಾಂಸದ ಹೋಳು, ಹುರಿದ ಆಲೂಗಡ್ಡೆ, ಉಬ್ಬಿದ ಯಾರ್ಕ್‌ಶೈರ್ ಪುಡ್ಡಿಂಗು, ಮೇಲೆ ಧಾರಾಳ ಗ್ರೇವಿ: ಈ ಭಾನುವಾರದ ತಟ್ಟೆ ಎಷ್ಟೋ ಹಳ್ಳಿ ಪಬ್ಬುಗಳನ್ನು ಬದುಕಿಸಿತು.

ಬದುಕಿಸಿದ್ದೇ ಹೊಸ ಕಷ್ಟವನ್ನೂ ತಂದಿತು. ಬಿಯರ್ ಸುರಿಯಲು ಒಬ್ಬರು ಸಾಕು, ಅಡುಗೆಮನೆಗೆ ಮೂರು ನಾಲ್ಕು ಜನ ಬೇಕು. 2025ರ ಏಪ್ರಿಲ್‌ನಿಂದ ಮಾಲೀಕರು ನೌಕರರ ಪರವಾಗಿ ಕಟ್ಟುವ ರಾಷ್ಟ್ರೀಯ ವಿಮೆ ಶೇ. 13.8ರಿಂದ 15ಕ್ಕೆ ಏರಿತು. ಅದಕ್ಕಿಂತ ನೋವಾದದ್ದು, ಅದು ಅನ್ವಯವಾಗುವ ವಾರ್ಷಿಕ ಸಂಬಳದ ಕೆಳಮಿತಿ 9,100 ಪೌಂಡಿನಿಂದ 5,000ಕ್ಕೆ ಇಳಿದದ್ದು. ಹಳ್ಳಿ ಪಬ್ಬಿನಲ್ಲಿ ಕೆಲಸ ಮಾಡುವವರಲ್ಲಿ ಅರೆಕಾಲಿಕರು, ವಿದ್ಯಾರ್ಥಿಗಳು ಬಹಳ. ಇವರಲ್ಲಿ ಅನೇಕರಿಗೆ ಹಿಂದೆ ಈ ವಿಮೆಯೇ ಇರಲಿಲ್ಲ. ಜೊತೆಗೆ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಆಯಿತು, 2026ರ ಏಪ್ರಿಲ್‌ನಿಂದ 12.71. ಕೆಲಸಗಾರರಿಗೆ ಅದು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹಣ ಹೊರಡುವುದು ಇದೇ ತಟ್ಟೆಯಿಂದ.

18 ಪೌಂಡಿನ ತಟ್ಟೆಯಲ್ಲಿ 3 ಪೌಂಡ್ ವ್ಯಾಟ್. ಸೂಪರ್‌ಮಾರ್ಕೆಟ್ಟಿನಲ್ಲಿ ಕೊಳ್ಳುವ ಮಾಂಸ, ತರಕಾರಿ, ಬ್ರೆಡ್ಡಿಗೆ ವ್ಯಾಟ್ ಸೊನ್ನೆ. ಆ ಉಳಿತಾಯದಿಂದ ಸೂಪರ್‌ಮಾರ್ಕೆಟ್ಟು ತನ್ನ ಬಿಯರಿನ ಬೆಲೆ ಇಳಿಸಿಕೊಳ್ಳುತ್ತದೆ ಎಂಬುದು ವೆದರ್‌ಸ್ಪೂನ್ ಪಬ್ಬುಗಳ ಟಿಮ್ ಮಾರ್ಟಿನ್ ವರ್ಷಗಳಿಂದ ಹೇಳುತ್ತಿರುವ ವಾದ. ಇನ್ನು 5 ಪೌಂಡಿನ ಪಿಂಟಿನಲ್ಲಿ 83 ಪೆನ್ಸ್ ವ್ಯಾಟ್, ಅದರ ಜೊತೆ 40 ಪೆನ್ಸಿಗೂ ಮೇಲೆ ಅಬಕಾರಿ ಸುಂಕ. ಪಬ್ಬಿನಲ್ಲಿ ಸುರಿದು ಕೊಡುವ ಬಿಯರಿಗೆ 2023ರಿಂದ ಸುಂಕದಲ್ಲಿ ವಿಶೇಷ ರಿಯಾಯಿತಿ ಇದೆ. 2025ರ ಫೆಬ್ರುವರಿಯಲ್ಲಿ ಅದನ್ನು ಹೆಚ್ಚಿಸಿದಾಗ ಪಿಂಟಿಗೆ ಆದ ಉಳಿತಾಯ ಒಂದು ಪೆನ್ನಿ.

ಕಟ್ಟಡ ಯಾರದ್ದು, ಬಿಯರ್ ಯಾರದ್ದು

ಬಾರ್ ಕಟ್ಟೆಯ ಹಿಂದೆ ನಿಂತವರನ್ನು ಅಲ್ಲಿ ‘ಲ್ಯಾಂಡ್‌ಲಾರ್ಡ್’ ಎಂದು ಕರೆಯುತ್ತಾರೆ. ಹೆಸರಿಗೆ ಒಡೆಯ, ಬಹಳ ಕಡೆ ಆತ ಬಾಡಿಗೆದಾರ. ಕಟ್ಟಡ ಬಿಯರ್ ಕಂಪನಿಯದ್ದೋ ಪಬ್ಬುಗಳನ್ನೇ ಕೊಂಡಿಟ್ಟುಕೊಂಡಿರುವ ದೊಡ್ಡ ಕಂಪನಿಯದ್ದೋ ಆಗಿರುತ್ತದೆ. ಕರಾರಿನಲ್ಲಿ ‘ಟೈ’ ಎಂಬ ಕಟ್ಟು: ಬಿಯರನ್ನು ನಮ್ಮಿಂದಲೇ ಕೊಳ್ಳಬೇಕು, ನಾವು ಹೇಳಿದ ಬೆಲೆಗೆ. ಹೊರಗಿನ ಮಾರುಕಟ್ಟೆಗಿಂತ ಆ ಬೆಲೆ ಸಾಮಾನ್ಯವಾಗಿ ಹೆಚ್ಚು. ಬದಲಿಗೆ ಬಾಡಿಗೆ ಕಡಿಮೆ, ರಿಪೇರಿಗೆ ನೆರವು, ಕೈಯಲ್ಲಿ ದೊಡ್ಡ ಬಂಡವಾಳ ಇಲ್ಲದವರಿಗೂ ಪಬ್ಬು ನಡೆಸುವ ಅವಕಾಶ ಎಂಬುದು ಕಂಪನಿಗಳ ಸಮರ್ಥನೆ. ಈ ಸಮರ್ಥನೆ ಪೂರ್ತಿ ಪೊಳ್ಳಲ್ಲ. ಸ್ವಂತ ದುಡ್ಡಿಲ್ಲದ ಎಷ್ಟೋ ದಂಪತಿಗಳು ಈ ದಾರಿಯಲ್ಲೇ ವೃತ್ತಿಗೆ ಬಂದಿದ್ದಾರೆ.

ಸರ್ಕಾರ ಇದನ್ನು ಸರಿಪಡಿಸಲು ಹೋದದ್ದು 1989ರಲ್ಲಿ. ಆಗ ಆರು ದೊಡ್ಡ ಬಿಯರ್ ಕಂಪನಿಗಳ ಹಿಡಿತ ಬಲವಾಗಿತ್ತು. 2,000ಕ್ಕಿಂತ ಹೆಚ್ಚು ಪಬ್ಬು ಇಟ್ಟುಕೊಂಡವರು ಆ ಹೆಚ್ಚುವರಿಯಲ್ಲಿ ಅರ್ಧವನ್ನು ಮಾರಬೇಕು, ಇಲ್ಲವೇ ಕಟ್ಟಿನಿಂದ ಬಿಡಬೇಕು ಎಂಬ ಆದೇಶ ಬಂತು. ಪಬ್ಬುಗಳು ಬಾಡಿಗೆದಾರರ ಕೈಗೆ ಬರುತ್ತವೆ ಎಂಬ ನಿರೀಕ್ಷೆ ಹುಸಿಯಾಯಿತು. ಸಾವಿರಾರು ಪಬ್ಬುಗಳನ್ನು ಸಾಲ ಮಾಡಿ ಕೊಂಡದ್ದು ಬಿಯರ್ ತಯಾರಿಸದ ಹೊಸ ಕಂಪನಿಗಳು. ಆಜ್ಞೆ ಬಿಯರ್ ತಯಾರಕರಿಗೆ ಮಾತ್ರ ಅನ್ವಯವಾಗುತ್ತಿತ್ತು, ಹಾಗಾಗಿ ಇವರಿಗೆ ಮಿತಿಯೇ ಇರಲಿಲ್ಲ. ಸಾಲದ ಬಡ್ಡಿ ಕಟ್ಟಲು ಬಾಡಿಗೆ ಹಿಂಡಿದರು, 2008ರ ಆರ್ಥಿಕ ಕುಸಿತದ ನಂತರ ಕಟ್ಟಡಗಳನ್ನು ಮಾರತೊಡಗಿದರು. ಇಂಥ ಕಂಪನಿಗಳಲ್ಲೊಂದಾದ ಹಳೆಯ ಎಂಟರ್‌ಪ್ರೈಸ್ ಇನ್ಸ್ 2020ರಲ್ಲಿ ಸ್ಟೋನ್‌ಗೇಟ್ ಎಂಬ ಇನ್ನೊಂದು ಪಬ್ ಕಂಪನಿಯ ಪಾಲಾಯಿತು. ಇಂದು ಅದರ ಬಳಿ ನಾಲ್ಕು ಸಾವಿರಕ್ಕೂ ಹೆಚ್ಚು ಪಬ್ಬುಗಳಿವೆ. ಹೈನೆಕೆನ್ ಬಳಿ ಸುಮಾರು 2,400. 2021ರಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನ ಬಹುಪಾಲು ಷೇರು ಕೊಂಡು ಕಿಂಗ್‌ಫಿಶರ್ ಬಿಯರಿಗೆ ಒಡೆಯನಾದದ್ದೂ ಇದೇ ಹೈನೆಕೆನ್.

2016ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಪಬ್ಬುಗಳ ಸಂಹಿತೆ ಬಂತು. ಕಟ್ಟಿನೊಳಗಿನ 500 ಇಲ್ಲವೇ ಅದಕ್ಕೂ ಹೆಚ್ಚು ಪಬ್ಬುಳ್ಳ ಕಂಪನಿಗಳ ಬಾಡಿಗೆದಾರರು ಕೆಲವು ಸಂದರ್ಭಗಳಲ್ಲಿ ಬರೀ ಬಾಡಿಗೆ ಕಟ್ಟಿ, ಬಿಯರನ್ನು ಬೇಕಾದ ಕಡೆ ಕೊಳ್ಳಲು ಕೇಳಬಹುದು. ಕೇಳುವುದಕ್ಕೆ ವಕೀಲರು ಬೇಕು, ತಿಂಗಳುಗಳು ಬೇಕು. ಬೆಳಗಾದರೆ ಪೀಪಾಯಿ ಇಳಿಸುವ ಮನುಷ್ಯನಿಗೆ ಅದು ಸುಲಭವಲ್ಲ.

ಮನೆಯಾಗಿ ಮಾರಿದರೆ

ಚೆಂದದ ಹಳ್ಳಿಯಲ್ಲಿ ಹಳೆಯ ಕಲ್ಲುಕಟ್ಟಡ, ಹಿಂದೆ ಹಿತ್ತಿಲು, ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗ. ಪಬ್ಬಾಗಿ ಅದು ವರ್ಷಕ್ಕೆ ಗಳಿಸುವುದು ಅಷ್ಟಕ್ಕಷ್ಟೆ, ವಾಸದ ಮನೆಯಾಗಿ ಮಾರಿದರೆ ಬರುವ ಬೆಲೆ ಎಷ್ಟೋ ಪಟ್ಟು. ತೆರಿಗೆಯನ್ನು ಪೂರ್ತಿ ಮನ್ನಾ ಮಾಡಿದರೂ ಈ ಅಂತರ ಹೋಗುವುದಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ‘ಓಲ್ಡ್ ಬೆಲ್’, ‘ಓಲ್ಡ್ ಪ್ಲೌ’ ಎಂಬ ಹೆಸರಿನ ಮನೆಗಳು ಕಾಣುತ್ತವೆ. ಅವು ಒಂದಾನೊಂದು ಕಾಲದ ಪಬ್ಬುಗಳು.

2017ರಿಂದ ಇಂಗ್ಲೆಂಡಿನಲ್ಲಿ ಪಬ್ಬನ್ನು ಬೇರೆ ಬಳಕೆಗೆ ತಿರುಗಿಸಲು, ಕೆಡವಲು ಸ್ಥಳೀಯ ಮಂಡಳಿಯ ಅನುಮತಿ ಬೇಕೇಬೇಕು. ಆದರೂ ಸ್ಟಾಫರ್ಡ್‌ಶೈರಿನ ಹಿಮ್ಲಿಯಲ್ಲಿ ಏನಾಯಿತು ನೋಡಿ. ಗಣಿಗಾರಿಕೆಯಿಂದ ನೆಲ ಕುಸಿದು ಒಂದು ಪಕ್ಕಕ್ಕೆ ವಾಲಿಕೊಂಡೇ ನಿಂತಿದ್ದ, 1765ರಲ್ಲಿ ಕಟ್ಟಿದ ‘ಕ್ರೂಕೆಡ್ ಹೌಸ್’ ಎಂಬ ಪಬ್ಬು ಕೈಬದಲಾಯಿತು. 2023ರ ಆಗಸ್ಟ್ 5ರಂದು ಬೆಂಕಿ ಬಿತ್ತು, ಆಗಸ್ಟ್ 7ರಂದು ಅದನ್ನು ನೆಲಸಮ ಮಾಡಲಾಯಿತು. ಮತ್ತೆ ಕಟ್ಟಿಕೊಡಬೇಕೆಂದು 2024ರ ಫೆಬ್ರುವರಿಯಲ್ಲಿ ಮಂಡಳಿ ಆದೇಶಿಸಿತು. ಇಂಥ ಆದೇಶ ಗಾಳಿಮಾತಲ್ಲ: ಲಂಡನ್ನಿನಲ್ಲಿ 2015ರಲ್ಲಿ ಅನುಮತಿಯಿಲ್ಲದೆ ಕೆಡವಿದ ಕಾರ್ಲ್‌ಟನ್ ಟ್ಯಾವರ್ನ್ ಅನ್ನು ಇಟ್ಟಿಗೆ ಇಟ್ಟಿಗೆಯಾಗಿ ಮತ್ತೆ ಕಟ್ಟಿ 2021ರಲ್ಲಿ ತೆರೆಯಲಾಗಿದೆ.

ಊರಿನವರೇ ಕೊಳ್ಳುವುದು ಇನ್ನೊಂದು ದಾರಿ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಪುಟ್ಟ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಷೇರು ಹಾಕಿ 2003ರಲ್ಲಿ ‘ಓಲ್ಡ್ ಕ್ರೌನ್’ ಪಬ್ಬನ್ನು ಕೊಂಡರು. ಊರಿನ ಬಿಯರ್ ಭಟ್ಟಿಯೂ ಸಹಕಾರಿಯದ್ದೇ. ಕಟ್ಟಡವೂ ಏಲೂ ಊರಿನ ಕೈಯಲ್ಲಿದ್ದಾಗ ಮನೆಯಾಗಿ ಮಾರುವ ಆಸೆಯೂ ಇಲ್ಲ, ದುಬಾರಿ ಬಿಯರಿನ ಕಟ್ಟೂ ಇಲ್ಲ. 2011ರ ಸ್ಥಳೀಯತಾ ಕಾಯ್ದೆ ಇಂಥವರಿಗೆ ಹಣ ಹೊಂದಿಸಲು ಆರು ತಿಂಗಳ ತಡೆ ಕೊಟ್ಟಿತು. ಆದರೆ ತಡೆ ಮುಗಿದ ಮೇಲೆ ಮಾಲೀಕ ಅವರಿಗೇ ಮಾರಬೇಕೆಂದಿಲ್ಲ. ಗಡುವನ್ನು ಒಂದು ವರ್ಷಕ್ಕೆ ಏರಿಸಿ, ಕೊಳ್ಳುವ ಮೊದಲ ಹಕ್ಕನ್ನು ಊರಿಗೇ ಕೊಡುವ ಪ್ರಸ್ತಾಪವನ್ನು ಲೇಬರ್ ಸರ್ಕಾರ 2025ರ ಅಧಿಕಾರ ವಿಕೇಂದ್ರೀಕರಣ ಮಸೂದೆಯಲ್ಲಿ ಇಟ್ಟಿತು. ಅದೇ ಸರ್ಕಾರ ಸಮುದಾಯ ಒಡೆತನಕ್ಕಿದ್ದ 15 ಕೋಟಿ ಪೌಂಡ್ ಗಾತ್ರದ ನಿಧಿಯನ್ನು 2024ರ ಡಿಸೆಂಬರ್‌ನಲ್ಲಿ ಮುಚ್ಚಿತು. ಹಕ್ಕು ಕೊಟ್ಟು ಹಣದ ದಾರಿ ಮುಚ್ಚಿದರೆ ಆ ಹಕ್ಕನ್ನು ಚಲಾಯಿಸಬಲ್ಲವರು ಉಳ್ಳವರ ಹಳ್ಳಿಯವರು ಮಾತ್ರ.

ಎದುರು ವಾದಗಳು

ಖಜಾನೆಯ ವಾದವನ್ನು ತಳ್ಳಿಹಾಕುವಂತಿಲ್ಲ. ಕೋವಿಡ್ ರಿಯಾಯಿತಿ ತಾತ್ಕಾಲಿಕ ಎಂದು ಮೊದಲೇ ಹೇಳಿತ್ತು. ಆಸ್ಪತ್ರೆ, ಶಾಲೆಗಳಿಗೆ ಹಣ ಎಲ್ಲಿಂದಲಾದರೂ ಬರಬೇಕು. ಹೋಟೆಲು, ಕೆಫೆಗಳಿಗೆ ಇಲ್ಲದ ಶೇ. 15 ಪಬ್ಬು, ಸಂಗೀತ ತಾಣಗಳಿಗೆ ಮಾತ್ರ ಯಾಕೆ ಎಂಬ ಪ್ರಶ್ನೆಗೂ ಸರ್ಕಾರದ ಬಳಿ ಗಟ್ಟಿ ಉತ್ತರವಿಲ್ಲ.

ಆರೋಗ್ಯ ಕ್ಷೇತ್ರದವರ ಮಾತು ಇನ್ನೂ ಗಂಭೀರ. 2023ರಲ್ಲಿ ಬ್ರಿಟನ್ನಿನಲ್ಲಿ ಮದ್ಯವೇ ನೇರ ಕಾರಣವಾದ ಸಾವುಗಳು 10,473. ಮದ್ಯ ಅಗ್ಗವಾಗುವಂಥ ಯಾವ ಕ್ರಮಕ್ಕೂ ಅವರು ಹಿಂಜರಿಯುವುದು ಸಹಜ. ಆದರೆ ಇಲ್ಲೊಂದು ಕಡೆ ಅವರಿಗೂ ಪಬ್ಬಿನವರಿಗೂ ಹಿತ ಒಂದೇ. ಸ್ಕಾಟ್ಲೆಂಡ್ 2018ರಲ್ಲಿ, ವೇಲ್ಸ್ 2020ರಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆ ಗೊತ್ತುಮಾಡಿದವು. ಪಬ್ಬಿನ ಪಿಂಟು ಹೇಗೂ ಆ ಬೆಲೆಗಿಂತ ಎಷ್ಟೋ ಮೇಲಿದೆ, ಬಿಸಿ ತಟ್ಟುವುದು ಸೂಪರ್‌ಮಾರ್ಕೆಟ್ಟಿನ ಅಗ್ಗದ ಡಬ್ಬಿಗಳಿಗೆ. ಮನೆಯಲ್ಲಿ ಒಬ್ಬರೇ ಕೂತು ಕುಡಿಯುವುದಕ್ಕಿಂತ, ‘ಇನ್ನು ಸಾಕು’ ಎಂದು ಹೇಳುವವರು ಎದುರಿಗಿರುವ ಜಾಗ ಮೇಲು. ಇಂಗ್ಲೆಂಡಿನಲ್ಲಿ ಕನಿಷ್ಠ ಬೆಲೆ ಇನ್ನೂ ಇಲ್ಲ.

ಮುಂದೆ ಏನಾಗಬಹುದು

2026ರ ಜನವರಿಯ ರಸ್ತೆ ಸುರಕ್ಷತಾ ಕಾರ್ಯತಂತ್ರದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಚಾಲಕರ ಮದ್ಯಮಿತಿಯನ್ನು 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂನಿಂದ 50ಕ್ಕೆ ಇಳಿಸುವ ಪ್ರಸ್ತಾಪ ಇದೆ. ಸ್ಕಾಟ್ಲೆಂಡ್ 2014ರಲ್ಲೇ ಇಳಿಸಿತು. ಅಪಘಾತಗಳು ಅದರಿಂದ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ ಎಂದು ಗ್ಲಾಸ್ಗೋ ವಿಶ್ವವಿದ್ಯಾಲಯದ ಅಧ್ಯಯನ ಹೇಳಿದೆ. ಕಾನೂನಿನ ಜೊತೆ ರಸ್ತೆಯಲ್ಲಿ ತಪಾಸಣೆಯೂ ಹೆಚ್ಚಬೇಕಿತ್ತು ಎಂಬುದು ಕಾನೂನಿನ ಪರ ಇರುವವರ ಉತ್ತರ. ಜೀವ ಉಳಿಯುವುದಾದರೆ ಮಿತಿ ಇಳಿಯಲಿ. ಆದರೆ ಬಸ್ಸಿಲ್ಲದ ಹಳ್ಳಿಗೆ ಅದರ ಅರ್ಥವೇನು ಎಂದು ಅದೇ ಸರ್ಕಾರ ಯೋಚಿಸಬೇಕು. ಊಟದ ಜೊತೆ ಒಂದು ಪಿಂಟ್ ಕುಡಿದು ಕಾರಿನಲ್ಲಿ ಮನೆಗೆ ಹೋಗುತ್ತಿದ್ದವರು ಅರ್ಧ ಪಿಂಟಿಗೋ ನಿಂಬೆ ಪಾನಕಕ್ಕೋ ಇಳಿಯುತ್ತಾರೆ. ಊಟದ ಪಬ್ಬು ತಡೆದುಕೊಳ್ಳುತ್ತದೆ. ದಿನಕ್ಕೆ 24 ಪಿಂಟಿನ ಲೆಕ್ಕದಲ್ಲಿ ಅಂಚಿನ ಮೇಲೆ ನಿಂತಿರುವ ಪಬ್ಬಿನಲ್ಲಿ ಮೊದಲು ಹೋಗುವುದು ಪೀಪಾಯಿ.

ಆದ್ದರಿಂದ ಮುಂದಿನ ಒಂದೆರಡು ವರ್ಷದಲ್ಲಿ ಎಲ್ಲ ಪಬ್ಬುಗಳೂ ಮುಚ್ಚುವುದಿಲ್ಲ, ಒಂದು ಬಗೆಯವು ಬೇಗ ಹೋಗುತ್ತವೆ. ಪ್ರವಾಸಿಗರು ಬರುವ ಚೆಂದದ ಊರಿನ, ಒಳ್ಳೆಯ ಅಡುಗೆಯವರಿರುವ ಪಬ್ಬು ರೆಸ್ಟೋರೆಂಟಿಗೆ ಹತ್ತಿರವಾಗುತ್ತಾ ಉಳಿಯುತ್ತದೆ. ಊರಿನವರೇ ಕೊಂಡದ್ದು ಉಳಿಯುತ್ತದೆ. ದುಡಿಯುವ ಜನರ ಸಾಧಾರಣ ಹಳ್ಳಿಯ, ಕಂಪನಿಯ ಕಟ್ಟಿನಲ್ಲಿರುವ, ಏಲ್ ಮಾತ್ರ ಮಾರುವ ಪಬ್ಬಿಗೇ ಅಪಾಯ ಹೆಚ್ಚು. ಅನೇಕ ಕಡೆ ಈಗಾಗಲೇ ಸೋಮವಾರ, ಮಂಗಳವಾರ ಬಾಗಿಲು ತೆರೆಯುವುದಿಲ್ಲ. ಮುಂದಿನ ಮರುಮೌಲ್ಯಮಾಪನ 2029ಕ್ಕೆ. ವಹಿವಾಟಿನ ಬದಲು ಲಾಭ ನೋಡಿ ಮೌಲ್ಯ ಕಟ್ಟುವ ಪದ್ಧತಿ ಅಷ್ಟರೊಳಗೆ ಬರದಿದ್ದರೆ, ಜನವರಿಯ ಶೇ. 15ರ ಮುಲಾಮು ಆರುವ ಹೊತ್ತಿಗೆ ಹೊಸ ಬಿಲ್ಲು ಬಾಗಿಲಿಗೆ ಬರುತ್ತದೆ. ಒಮ್ಮೆ ನೆಲಮಾಳಿಗೆಯ ಕೊಳವೆಗಳನ್ನು ಕಿತ್ತು, ಬಾರ್ ಕಟ್ಟೆ ತೆಗೆದು, ಅಲ್ಲಿ ಯಾರದೋ ಸೋಫಾ ಬಂದು ಕೂತ ಮೇಲೆ ಅದನ್ನು ಮತ್ತೆ ಪಬ್ಬು ಮಾಡುವವರು ಯಾರೂ ಬರುವುದಿಲ್ಲ.